ನಮಿತಾದಿಯ ಊರಿನ ಕೊಳ

ಕಳೆದ ಭಾನುವಾರ ನೆರೆ ನುಗ್ಗಿದ ಊರಿಗೆ ಹೋಗಿ ಹೊಟ್ಟೆ ಬಿರಿಯುವಷ್ಟು ಉಂಡು ಬಂದೆ. ನಾಚಿಕೆ ಆಗಲಿಲ್ಲವೇ ಎನ್ನುತ್ತೀರಾ? ಇಲ್ಲ. ಯಾಕೆಂದು ಕೇಳಿ.

ಹೋದ ವರ್ಷದ ಚಂಡಮಾರುತಕ್ಕೆ ನಗರದ ಬೆಹಾಲಾ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಕರೆಂಟು ಹೋಯಿತು, ಅಷ್ಟೇ. ಸುಂದರಬನದಲ್ಲಿ ಒಡ್ಡು ಒಡೆದು ಉಪ್ಪುನೀರು ಊರೂರಿಗೇ ನುಗ್ಗಿತು. ನಮ್ಮ ಕನ್ನಡ ಬಳಗದ ಹುಡುಗರು (ಹೆಚ್ಚಿನವರು ಸಾಲ್ಟ್ ಲೇಕಿನ ಐಟಿ ಕಂಪನಿಯವರು) ಇಮೇಲ್ ಓಡಿಸಿ ದೇಣಿಗೆ ಕೂಡಿಸಿದರು. ಅಕ್ಕಿ, ಬಟ್ಟೆ ಲಾರಿಗೆ ತುಂಬಿ ತಾವೇ ಹೋಗಿ ಹಂಚುವುದೆಂದು ತೀರ್ಮಾನವೂ ಆಯಿತು.

ಅದಕ್ಕೂ ಮುಂಚೆ ನಾನು ನಮಿತಾದಿಗೆ ಫೋನ್ ಮಾಡಿದೆ. (ದಿದಿ, ಚಿಕ್ಕದಾಗಿ ‘ದಿ’ ಎಂದರೆ ಬಂಗಾಳಿಯಲ್ಲಿ ಅಕ್ಕ.) ಆಕೆ ಸುಂದರಬನದ ಒಂದು ಊರಿನ ಶಾಲೆಯ ಟೀಚರ್, ಅಲ್ಲಿನ ಮಹಿಳಾ ಸಮಿತಿಯ ಮುಖ್ಯಸ್ಥೆ. ನಮ್ಮ ನಗರದ ಗರಿಯಾಹಾಟಿನ ಮೇಳವೊಂದರಲ್ಲಿ ಸಮಿತಿಯ ಜೇನುತುಪ್ಪ ಕೊಂಡಾಗಿನಿಂದ ಪರಿಚಯ.

"ಅಕ್ಕಿ ಬಂದಿದೆ ದಿದಿ," ಎಂದರು ಹಿಂದಿಯಲ್ಲಿ. "ಕುಡಿಯುವ ನೀರಿನ ಕೊಳವೇ ಉಪ್ಪಾಗಿದೆ. ಮಳೆ ಹಿಡಿಯುವ ಮೊದಲು ಖಾಲಿ ಮಾಡಬೇಕು. ಪಂಪಿಗೆ, ಡೀಸೆಲ್ಲಿಗೆ ದಾರಿ ಮಾಡಿಕೊಡಿ. ಕೆಲಸ ನಾವೇ ಮಾಡುತ್ತೇವೆ."

ಬಳಗದಲ್ಲಿ ವಾದ ಎದ್ದಿತು. "ಆಂಟಿ, ನಾವ್ ಹೋಗ್ದೆ ದುಡ್ಡು ಕಳಿಸಿಬಿಟ್ರೆ, ಸರಿಯಾಗಿ ಖರ್ಚಾಗುತ್ತೆ ಅಂತ ಏನ್ ಗ್ಯಾರಂಟಿ?" ಎಂದ ಬೆಂಗಳೂರಿನ ನವೀದ್. ನ್ಯಾಯವಾದ ಪ್ರಶ್ನೆಯೇ.

ಉತ್ತರ ಕೊಟ್ಟಿದ್ದು ನನ್ನ ಗಂಡ. (ಧಾರವಾಡದವರು, ರೈಲ್ವೆ ನೌಕರಿ. ಮಾತು ಅಪರೂಪ.) "ತಮ್ಮಾ, ನಾವು ಒಂದ್ ದಿನ ಹೋಗಿ ಬರಾವ್ರು. ಅವ್ರು ಅಲ್ಲೇ ಇರಾವ್ರು, ಅದ ನೀರು ಕುಡಿಯಾವ್ರು. ಅವ್ರಿಗಿಂತ ಕಾಳಜಿ ನಮಗೈತೇನು?"

ನವೀದ್ ತಾನೇ ನಮಿತಾದಿಯ ಜೊತೆ ಫೋನಿನಲ್ಲಿ ಮಾತಾಡಿದ. ಲಾರಿಯ ಯೋಜನೆ ನಿಂತಿತು, ಹಣ ಸಮಿತಿಗೆ ಹೋಯಿತು.

ಹೆಂಗಸರು ಪಂಪು ಕೊಂಡು ಕೊಳ ಬತ್ತಿಸಿದರು. ಕೆಸರೆತ್ತಿ ಅದೇ ಮಣ್ಣಿನಿಂದ ದಂಡೆ ಎತ್ತರಿಸಿದರು. ಮಳೆ ಬಂತು, ಸಿಹಿನೀರು ತುಂಬಿತು. ಈ ವರ್ಷ ಮತ್ತೆ ಗಾಳಿಯೆದ್ದು ನದಿ ಉಕ್ಕಿದಾಗ ಹೊಲಕ್ಕೆ ಉಪ್ಪುನೀರು ಬಂದರೂ ಕೊಳದ ದಂಡೆ ದಾಟಲಿಲ್ಲ. ಪಕ್ಕದೂರಿನವರೂ ಅಲ್ಲಿಂದಲೇ ಕೊಡ ತುಂಬಿಕೊಂಡು ಹೋದರಂತೆ.

ಭಾನುವಾರದ ಊಟಕ್ಕೆ ಅದೇ ಕೊಳದ ಮೀನು. (ಮೀನು ತಿನ್ನದ ನನಗೂ ನನ್ನವರಿಗೂ ಕರಿದ ಬದನೆಕಾಯಿ.) ಇನ್ನೊಂದು ತುಂಡು ಹಾಕಿಸಿಕೊಳ್ಳುತ್ತ ನವೀದ್, "ಈ ಸಲ ಏನು ಕಳಿಸೋಣ ದಿದಿ?" ಎಂದು ಹಿಂದಿಯಲ್ಲಿ ಕೇಳಿದ.

ನಮಿತಾದಿ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು. "ಸದ್ಯಕ್ಕೆ ಏನೂ ಬೇಡ. ಪಕ್ಕದೂರಿನ ಕೊಳ ಉಪ್ಪಾಗಿದೆ. ನಾಳೆ ನಮ್ಮ ಪಂಪು ತೆಗೆದುಕೊಂಡು ನಾವೇ ಅಲ್ಲಿಗೆ ಹೋಗುತ್ತಿದ್ದೇವೆ."

ನೆರವು ಪಡೆದವರೇ ನೆರವಿಗೆ ಹೊರಟರೆ, ಕೊಟ್ಟವರಿಗೆ ಇನ್ನೇನು ಲೆಕ್ಕ ಬೇಕು?