ಕೆಂಪಮ್ಮನ ರಸೀದಿಗಳು

"ಅವ್ನು ಕಟ್ನಿಲ್ಲ ಅಂತ ನಾವೂ ಬುಟ್ಬುಟ್ರೆ, ಅವ್ನ ಕೇಳೋರ್ ಯಾರು ಸಾ?"

ಹೀಗೆಂದು ನನ್ನನ್ನು ತಡೆದವರು ಕೂಲಿ ಮಾಡುವ ಕೆಂಪಮ್ಮ. ಮಾಂಬಳ್ಳಿಯ ಪಂಚಾಯಿತಿ ಕಚೇರಿಯಲ್ಲಿ ಮನೆ ಕಂದಾಯ ಕಟ್ಟಲು ಸಾಲಾಗಿ ನಿಂತಿದ್ದೆವು. ಹೊರದೇಶದ ನಾಯಕನೊಬ್ಬ ಸರ್ಕಾರದೊಂದಿಗಿನ ಮೊಕದ್ದಮೆಯಲ್ಲಿ ರಾಜಿ ಮಾಡಿಕೊಂಡು, ತನ್ನ ಹಳೆಯ ತೆರಿಗೆ ಲೆಕ್ಕವನ್ನು ಇನ್ನು ಯಾರೂ ಕೆದಕದಂತೆ ರಕ್ಷಣೆ ಪಡೆದ ಸುದ್ದಿಯನ್ನು ಪತ್ರಿಕೆಯಿಂದ ನಾನೇ ಗಟ್ಟಿಯಾಗಿ ಓದಿದ್ದೆ. ಎಲ್ಲರಿಗೂ ಸಿಟ್ಟು ನೆತ್ತಿಗೇರಿತು. ದೊಡ್ಡವರಿಗಿಲ್ಲದ ಕಂದಾಯ ನಮಗೇಕೆ ಎಂದು ನಾಲ್ಕೈದು ಜನ ಹೊರಟೇಬಿಟ್ಟರು. ಶಾಲಾ ಮೇಷ್ಟ್ರಾದ ನಾನೂ ಚಪ್ಪಲಿ ಮೆಟ್ಟಿದ್ದೆ.

ಕೆಂಪಮ್ಮ ವೈರ್ ಬ್ಯಾಗಿನಿಂದ ತಂತಿಗೆ ಪೋಣಿಸಿದ ಹಳೆಯ ರಸೀದಿಗಳನ್ನು ತೆಗೆದು ನನ್ನ ಮುಂದೆ ಹಿಡಿದರು. ಗಂಡ ತೀರಿಹೋದ ವರ್ಷದ್ದೂ ಅದರಲ್ಲಿತ್ತು.

"ನಂದ ಯಾರ್ ಬೇಕಾದ್ರೂ ಬಂದು ನೋಡ್ಲಿ. ನಿಮ್ದು ಎಲ್ಲದೆ ಸಾ?"

ನನ್ನದು ಎರಡು ವರ್ಷದಿಂದ ಬಾಕಿಯಿತ್ತು. ಚಪ್ಪಲಿ ಬಿಟ್ಟು ಮತ್ತೆ ಅವರ ಹಿಂದೆ ನಿಂತೆ. ಹೊರಗೆ ಹೋದವರಲ್ಲಿ ಇಬ್ಬರು ನನ್ನ ಹಿಂದೆ ಬಂದು ನಿಂತರು.

ಆ ನಾಯಕನ ಮೇಲಿನ ಸಿಟ್ಟು ಇಂದಿಗೂ ಇಳಿದಿಲ್ಲ. ಆದರೆ ಈಗ ಕೆಂಪಮ್ಮನ ಊರಿನವನೆಂಬ ಹೆಮ್ಮೆಯಿಂದ, ತಲೆಯೆತ್ತಿ ಬೈಯುತ್ತೇನೆ. ನಮ್ಮ ಮನೆಯ ಗೋಡೆಯ ಮೊಳೆಯಲ್ಲೂ ಒಂದು ರಸೀದಿ ನೇತಾಡುತ್ತಿದೆ.