ಪ್ಲಾಟಿನಮ್ ತಂತಿ ತೆಗೆದ ಮೇಲೆ

ಬೆಂಗ್ರೆಯ ಮೀನುಗಾರರ ಮನೆಯಿಂದ ಬಂದ ಯತಿನ್, ಫೆರಿಯಲ್ಲಿ ಹೊಳೆ ದಾಟಿ ನಗರದ ಪ್ರಯೋಗಾಲಯಕ್ಕೆ ಹೋಗಿ ನೀರನ್ನು ಒಡೆಯುತ್ತಾನೆ ಎಂದು ತಂದೆ ಯಾದವ ಬೋಟಿನವರಲ್ಲಿ ಹೇಳಿಕೊಳ್ಳುತ್ತಿದ್ದರು. ಹೇಗೆ ಎಂದು ಯಾರಾದರೂ ಕೇಳಿದರೆ, "ಅದೆಲ್ಲ ಅವನತ್ರವೇ ಕೇಳಿ" ಎಂದು ಜಾರಿಕೊಳ್ಳುತ್ತಿದ್ದರು.

ವಿದ್ಯುತ್ ಹಾಯಿಸಿದರೆ ನೀರು ಒಡೆದು ಜಲಜನಕ ಹೊರಬರುತ್ತದೆ. ಕಡಿಮೆ ವಿದ್ಯುತ್ತಿನಲ್ಲಿ ಅದು ಬರಬೇಕಾದರೆ ವೇಗವರ್ಧಕವೊಂದು ಬೇಕು. ಪ್ಲಾಟಿನಮ್ ಅದಕ್ಕೆ ಶ್ರೇಷ್ಠ, ಆದರೆ ದುಬಾರಿ. ಅದರ ಬದಲಿಗೆ ಯತಿನ್ ನಿಕಲ್ ಮತ್ತು ಮಾಲಿಬ್ಡಿನಮ್ ಬೆರೆಸಿದ ಕಪ್ಪು ಲೇಪವೊಂದನ್ನು ಸಿದ್ಧಪಡಿಸಿದ್ದ. ಬಳಸಿದಷ್ಟೂ ಅದು ಚುರುಕಾಗುತ್ತಿತ್ತು. ದಿನದಿನಕ್ಕೆ ಏರುತ್ತ ಹೋಗುವ ಅದರ ಗ್ರಾಫಿನ ಗೆರೆಯನ್ನು ಅವನು ಗುಂಪಿನ ಸಭೆಯಲ್ಲಿ ಉತ್ಸಾಹದಿಂದ ತೋರಿಸಿದ.

ಸಹಸಂಶೋಧಕಿ ಮುಫೀದಾ ಮಾತ್ರ ತಲೆದೂಗಲಿಲ್ಲ. "ಮರುದಿನ ರುಚಿ ಹೆಚ್ಚಾಗ್ಲಿಕ್ಕೆ ಇದೆಂತ ಮೀನಿನ ಸಾರಾ ಮಾರಾಯ? ಕರೆಂಟಿನ ಇನ್ನೊಂದು ತುದಿಗೆ ನೀನು ಹಾಕಿದ್ದು ಪ್ಲಾಟಿನಮ್ ತಂತಿ ಅಲ್ವಾ? ಅದು ಸ್ವಲ್ಪ ಸ್ವಲ್ಪ ಕರಗಿ ನಿನ್ನ ಲೇಪಕ್ಕೆ ಅಂಟಿದ್ರೆ?"

ಯತಿನ್ ತನ್ನ ಗೆರೆಯನ್ನು ಮತ್ತೊಮ್ಮೆ ನೋಡಿದ. ಆ ತಂತಿ ಪ್ರಯೋಗಾಲಯದಲ್ಲಿ ಮೊದಲಿನಿಂದಲೂ ಇದ್ದದ್ದು; ಹಿಂದಿನವರು ಬಳಸಿದ್ದನ್ನು ಅವನೂ ಯೋಚಿಸದೆ ಬಳಸಿದ್ದ. ಅವಳ ಮಾತು ನಿಜವಾದರೆ ಇಷ್ಟು ವರ್ಷಗಳ ಕೆಲಸ ಪ್ಲಾಟಿನಮ್ಮಿನದೇ ಹೊರತು ತನ್ನದಲ್ಲ.

ಮಾರ್ಗದರ್ಶಿ ವಿನಿತಾ ಮೇಡಂ ಅವರದೊಂದು ಪದ್ಧತಿಯಿತ್ತು: ಸಂಶಯಕ್ಕೊಳಗಾದ ಪ್ರಯೋಗವನ್ನು ಸಂಶಯಪಟ್ಟವರೇ ಮರಳಿ ಮಾಡಬೇಕು, ಮೊದಲು ಮಾಡಿದವರು ಹೊರಗಿರಬೇಕು. ಮುಫೀದಾ ಹೊಸ ಲೇಪ ತೆಗೆದುಕೊಂಡು, ತಂತಿಯ ಜಾಗದಲ್ಲಿ ಇಂಗಾಲದ ಕಡ್ಡಿಯನ್ನಿಟ್ಟಳು. ಪರೀಕ್ಷೆ ನಡೆದ ದಿನಗಳಲ್ಲಿ ಯತಿನ್‌ಗೆ ಒಳಗೆ ಕಾಲಿಡುವಂತಿರಲಿಲ್ಲ. ಅವನು ಕಾರಿಡಾರಿನ ಬೆಂಚಿನಲ್ಲಿ ಕುಳಿತು, ಓದಿದ ಪುಟವನ್ನೇ ಮತ್ತೆ ಓದಿದ.

ಕೊನೆಗೆ ಮುಫೀದಾ ಕೈಗವಸು ಕಳಚುತ್ತ ಹೊರಬಂದಳು.

"ಏರ್ಲಿಲ್ಲ," ಎಂದಳು.

ಯತಿನ್ ತಲೆ ತಗ್ಗಿಸಿದ.

"ಪೂರ್ತಿ ಕೇಳು ಮಾರಾಯ. ಇಳೀಲೂ ಇಲ್ಲ. ನಿನ್ನ ಮೊದಲ ದಿನದ ಅಂಕಿ ಎಷ್ಟಿತ್ತೋ ಅಷ್ಟೇ ಉಂಟು, ಅಲುಗಾಡ್ಲಿಲ್ಲ. ಮೇಲೆ ಏರಿದ್ದು ಮಾತ್ರ ಪ್ಲಾಟಿನಮ್‌ದು. ಉಳಿದದ್ದು ನಿಂದೇ."

ಯತಿನ್ ಗೋಡೆಗೆ ಒರಗಿದ. ಅಷ್ಟು ಇಷ್ಟಪಟ್ಟು ಬಿಡಿಸಿದ ಗೆರೆ ಪ್ರಬಂಧದಿಂದ ಹೋಗಬೇಕಿತ್ತು. ಅದಕ್ಕಾಗಿ ಬೇಸರವಾಗುತ್ತಿಲ್ಲವಲ್ಲ ಎಂದು ಅವನಿಗೇ ಸೋಜಿಗವೆನಿಸಿತು.

"ಇನ್ನು ಒಳಗೆ ಬರಬಹುದಾ?" ಎಂದು ಕೇಳಿದ.

"ಬಾ. ಪಾತ್ರೆ ತೊಳೀಲಿಕ್ಕೆ ಉಂಟು, ಅದು ನಿನ್ನ ಪಾಲಿಗೆ."

ಅವನು ನಗುತ್ತ ಅಂಗಿಯ ತೋಳು ಮಡಚಿದ.