ಎಂಟು ಯಂತ್ರಗಳ ಒಂದೇ ಕಣ

ಅವರ ಬಲಗೈ ತೋರುಬೆರಳಿನ ಉಗುರು ಡಿಸೆಂಬರ್ ಬಂತೆಂದರೆ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಬೆಳಿಗ್ಗೆ ಕಾಫಿ ಹಣ್ಣು ಕೊಯ್ದು, ಹತ್ತಕ್ಕೆ ಮೂಡಿಗೆರೆಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಬರುವ ಇನ್‌ಸ್ಟ್ರಕ್ಟರ್ ಅವರು. ಎಷ್ಟು ತೊಳೆದರೂ ಹಣ್ಣಿನ ಕರೆ ಹೋಗದು. ಲ್ಯಾಬಿನ ಎಂಟರ್ ಕೀಲಿಗಳಿಗೂ ಅಂಟಿತ್ತು. ನಾನು ಅಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಓದಿದ ಜಂಬ ತಲೆಗೇರಿದ್ದ ಕಾಲ.

ಎರಡು ಸಾವಿರದ ಎಂಟರ ಆಸುಪಾಸು. ಲ್ಯಾಬಿನ ಕಂಪ್ಯೂಟರ್‌ಗಳಿಗೆ ಮುಪ್ಪು ಹಿಡಿದಿತ್ತು. ಗಟ್ಟಿಯಾಗಿದ್ದದ್ದು ಒಂದು ಸರ್ವರ್ ಮಾತ್ರ. ಅದರೊಳಗೇ ಎಂಟು ವರ್ಚುವಲ್ ಯಂತ್ರಗಳನ್ನು, ಅಂದರೆ ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರ್‌ಗಳನ್ನು ಮಾಡಿ, ಏಳನ್ನು ವಿದ್ಯಾರ್ಥಿಗಳಿಗೆ, ಒಂದನ್ನು ನನಗೆ ಇಟ್ಟಿದ್ದೆ. ಹಳೆಯ ಕಂಪ್ಯೂಟರ್‌ಗಳು ಬರೀ ಪರದೆ, ಕೀಲಿಮಣೆಗಳಾದವು. ಕೆಲಸವೇನೋ ನಡೆಯಿತು, ಆಮೆಯ ಹಾಗೆ. ತಿಂಗಳೊಳಗೆ ಪರಿಶೀಲನಾ ಸಮಿತಿ ಬರುವುದಿತ್ತು. ಅವರು ಒಪ್ಪದಿದ್ದರೆ ಕಂಪ್ಯೂಟರ್ ಕೋರ್ಸೇ ನಿಲ್ಲುತ್ತಿತ್ತು, ಜೊತೆಗೆ ನನ್ನ ಕೆಲಸವೂ ಹೋಗುತ್ತಿತ್ತು.

ಇನ್‌ಸ್ಟ್ರಕ್ಟರ್ ಒಂದು ದಿನವಿಡೀ ಇದನ್ನೆಲ್ಲ ನೋಡಿ, ಸಂಜೆ ಹೇಳಿದರು. “ಮೇಡಂ, ಈ ಯಂತ್ರಗಳಿಗೆ ತಾವು ನಿಜವಾದ ಕಂಪ್ಯೂಟರ್ ಅನ್ನೋ ಭ್ರಮೆ. ಇಲ್ಲದ ಡಿಸ್ಕಿಗೆ ಬರೀಲಿಕ್ಕೆ ಹೋಗ್ತವೆ. ಪಾಪ, ಸರ್ವರ್ ಪ್ರತಿ ಸಲ ಡಿಸ್ಕಿನ ವೇಷ ಹಾಕ್ಬೇಕು. ಯಾಕೆ ಮಾರಾಯ್ರೆ ಈ ನಾಟಕ? ಸರ್ವರಿನಲ್ಲಿ ಬಾಡಿಗೆಗಿದ್ದೀರಿ ಅಂತ ಅವಕ್ಕೆ ಹೇಳ್ಬಿಡಣ. ಬೇಕಾದ್ದನ್ನ ನೇರ ಕೇಳ್ತವೆ.”

ಪ್ಯಾರಾವರ್ಚುವಲೈಸೇಶನ್ ಎಂಬ ನಾಲಿಗೆ ತೊಡರುವ ಪದಕ್ಕೆ ಇಷ್ಟು ಸರಳ ವಿವರಣೆಯನ್ನು ನಾನು ಯಾವ ಪಾಠದಲ್ಲೂ ಕೇಳಿರಲಿಲ್ಲ. ಅದಕ್ಕೆ ತಕ್ಕ ಡ್ರೈವರ್ ತಂತ್ರಾಂಶಗಳನ್ನು ಹಾಕಿದ ಮೇಲೆ ವೇಗ ಬಂತು. ಆದರೂ ಮೆಮೊರಿ ಸಾಲುತ್ತಿರಲಿಲ್ಲ.

ಒಂದು ಭಾನುವಾರ ಕೊಟ್ಟಿಗೆಹಾರದ ಹತ್ತಿರದ ತಮ್ಮ ಮನೆಗೆ ಕರೆದರು. ಮುಂದಿನ ಕಣದಲ್ಲಿ ನಾಲ್ಕು ಮನೆಯವರ ಕಾಫಿ ಒಣಗುತ್ತಿತ್ತು. ಸುತ್ತಮುತ್ತ ಚೆನ್ನಾಗಿ ಬಿಸಿಲು ಬೀಳುವ ಜಾಗ ಅದೊಂದೇ. ನಡುವೆ ಒಂದು ಗೆರೆಯೂ ಇಲ್ಲ. ಪಕ್ಕದ ಮನೆಯಾಕೆ ಹೊಸ ಮೂಟೆ ಹೊತ್ತು ತಂದಾಗ, ಇನ್ನೊಂದು ಮನೆಯವರು ಒಣಗುತ್ತ ಬಂದಿದ್ದ ತಮ್ಮ ಕಾಫಿಯನ್ನು ಒತ್ತರಿಸಿ ಜಾಗ ಬಿಟ್ಟರು.

“ನೋಡಿ, ನಾನು ಯಾರಿಗೂ ಅಳತೆ ಹಾಕಿ ಕೊಟ್ಟಿಲ್ಲ. ಕಣ ಎಲ್ಲರದ್ದು ಅಂತ ಗೊತ್ತಿದ್ಯಲ್ಲ, ಅಷ್ಟು ಸಾಕು,” ಎಂದರು.

ಸೋಮವಾರವೇ ಯಂತ್ರಗಳು ಬಳಸದ ಮೆಮೊರಿಯನ್ನು ಸರ್ವರಿಗೆ ಮರಳಿಸುವ, ಬೇಕಾದಾಗ ಕೇಳಿ ಪಡೆಯುವ ಏರ್ಪಾಡು ಮಾಡಿದರು. ನನ್ನದೊಂದನ್ನು ಬಿಟ್ಟು. ಪ್ರಾತ್ಯಕ್ಷಿಕೆಗೆ ಬೇಕೆಂದು ಸರ್ವರಿನ ಅರ್ಧ ಮೆಮೊರಿಯನ್ನು ನಾನೇ ಹಿಡಿದಿಟ್ಟುಕೊಂಡಿದ್ದೆ, ಬಿಡಲು ಒಪ್ಪಲಿಲ್ಲ. ಅವರು ಒತ್ತಾಯಿಸಲೂ ಇಲ್ಲ.

ಸಮಿತಿ ಬಂದ ದಿನ ಏಳು ವಿದ್ಯಾರ್ಥಿಗಳೂ ಒಟ್ಟಿಗೆ ಕೆಲಸಕ್ಕೆ ಕುಳಿತರು. ಕಳಸದಿಂದ ಬರುತ್ತಿದ್ದ ಹುಡುಗಿಯ ಪರದೆ ಅರ್ಧದಲ್ಲೇ ನಿಂತಿತು. ಸಮಿತಿಯ ಹಿರಿಯರು ಗಡಿಯಾರ ನೋಡಿಕೊಂಡರು. ಹುಡುಗಿಯ ಕಣ್ಣು ತುಂಬಿತು. ಸರ್ವರಿನ ಪಕ್ಕ ನಿಂತಿದ್ದ ಇನ್‌ಸ್ಟ್ರಕ್ಟರ್ ನನ್ನನ್ನೇ ನೋಡಿದರು. ತಾವೇ ಸರಿಮಾಡಬಹುದಿತ್ತು; ಮಾಡಲಿಲ್ಲ. ಕೊರತೆ ನನ್ನಿಂದಲೇ ಎಂದು ಆಗ ಹೊಳೆಯಿತು. ನನ್ನ ಯಂತ್ರ ಹಿಡಿದಿದ್ದ ಮೆಮೊರಿಯನ್ನು ಬಿಟ್ಟುಕೊಟ್ಟೆ. ಸ್ವಲ್ಪ ಹೊತ್ತಿಗೆ ಹುಡುಗಿಯ ಪ್ರೋಗ್ರಾಂ ಓಡಿತು. ಕೋರ್ಸ್ ಉಳಿಯಿತು.

ಕ್ಷಮೆ ಕೇಳಲು ಹೋದರೆ ನಕ್ಕುಬಿಟ್ಟರು. “ಬಿಡಿ ಮೇಡಂ, ಹೊಸಬ್ರು ಯಾರೇ ಆಗ್ಲಿ, ಮೊದ್ಲು ಕಣದ ತುಂಬ ಹರಡ್ತಾರೆ.”

ಮರುವರ್ಷ ಜನವರಿಯಲ್ಲಿ ಅವರು ತೀರಿಕೊಂಡರು. ಸುದ್ದಿ ಕೇಳಿ ಕಾಲೇಜಿನವರೆಲ್ಲ ಅವರ ಮನೆಗೆ ಓಡಿದೆವು. ಕೊಯ್ಲಿನ ದಿನಗಳು, ಒಳ್ಳೆಯ ಬಿಸಿಲು. ಕಣದಲ್ಲಿ ಕಾಲಿಡಲು ಜಾಗವಿರಬಾರದಿತ್ತು. ಆದರೆ ನೆರೆಯವರೆಲ್ಲ ತಮ್ಮ ಅರೆಹಸಿ ಕಾಫಿಯನ್ನು, ಬೂಸ್ಟು ಹಿಡಿದರೆ ಹಿಡಿಯಲಿ ಎಂದು ಅಂಚಿಗೆ ರಾಶಿ ಹಾಕಿದ್ದರು. ನಡುವೆ ಅವರ ದೇಹವನ್ನು ಮಲಗಿಸಿದ್ದರು.

“ಜಾಗ ಬಿಡಲಿಕ್ಕೆ ಯಾರು ಹೇಳಿದ್ದು?” ಎಂದು ಕೇಳಿದೆ.

“ಇದನ್ನೂ ಹೇಳ್ಬೇಕಾ ಮೇಡಂ?” ಎಂದಳು ಪಕ್ಕದ ಮನೆಯಾಕೆ.

ಅಳು ತಡೆಯಲಾಗಲಿಲ್ಲ. ನಾನು ಜಾಗ ಬಿಡಬೇಕಾದರೆ ಮಾತ್ರ ಅವರು ಅಂದು ಸರ್ವರಿನ ಪಕ್ಕ ನಿಂತು ನನ್ನನ್ನೇ ನೋಡಬೇಕಾಗಿ ಬಂದಿತ್ತು.